ಅಗ್ರಲೇಖನ ಮತ್ತು ಅಂಕಣ: ಬೆಂಗಳೂರು ದಂಡುಪ್ರದೇಶದಲ್ಲಿ ಪೋತನ್ ಜೋಸೆಫ್

ವೃತ್ತಪತ್ರಿಕೆಯ ಪುಟದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ಅಕ್ಷರದ ಪಟ್ಟಿಗೆ ಇಂಗ್ಲಿಷಿನವರು ಕಂಬವೆಂದು ಹೆಸರಿಟ್ಟರು. ಕನ್ನಡದವರು ಅದನ್ನು ಅಂಕಣವೆಂದು ಕರೆದರು. ಅಂಕಣವೆಂದರೆ ಕಂಬವಲ್ಲ, ಎರಡು ಕಂಬಗಳ ನಡುವಣ ಜಾಗ. ಮನೆಯ ವಿಸ್ತಾರವನ್ನು ಇಷ್ಟು ಅಂಕಣದ ಮನೆಯೆಂದು ಎಣಿಸುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಬಂದದ್ದು. ಹೀಗೆ ಒಂದೇ ವಸ್ತುವನ್ನು ಒಂದು ಭಾಷೆ ಆಧಾರವಾಗಿಯೂ ಮತ್ತೊಂದು ಭಾಷೆ ವಾಸಸ್ಥಳವಾಗಿಯೂ ಕಂಡಿದೆ. ರಾಜಕೀಯ ಅಂಕಣಕಾರನೊಬ್ಬನ ವೃತ್ತಿಜೀವನವನ್ನು ವಿಚಾರಿಸಹೊರಟ ನಮಗೆ ಈ ಎರಡನೆಯ ಅರ್ಥವೇ ಹೆಚ್ಚು ಉಪಯುಕ್ತವಾಗಿ ತೋರಿತು. ಪತ್ರಿಕೆಯೆಂಬ ಮನೆ ಒಡೆಯನದು. ಅದರ ಅಗ್ರಲೇಖನ ಆ ಮನೆಯ ಮಾತು. ಅಂಕಣವಾದರೋ ಆ ಮನೆಯಲ್ಲಿ ಒಬ್ಬನಿಗೆ ಬಿಟ್ಟುಕೊಟ್ಟ ಠಾವು. ಮನೆ ಬದಲಾಯಿಸುವಾಗ ಬಾಡಿಗೆಯವನು ತನ್ನ ಸಾಮಾನನ್ನು ತನ್ನೊಡನೆ ಕೊಂಡೊಯ್ಯುವಂತೆ, ಅಂಕಣಕಾರನು ತನ್ನ ಅಂಕಣವನ್ನೂ ಕೊಂಡೊಯ್ಯಬಲ್ಲನು.

ಈ ಮಾತಿಗೆ ಪೋತನ್ ಜೋಸೆಫರಿಗಿಂತ ಒಳ್ಳೆಯ ನಿದರ್ಶನ ನಮ್ಮ ದೇಶದ ಪತ್ರಿಕಾ ಚರಿತ್ರೆಯಲ್ಲಿ ದೊರೆಯುವುದು ಕಷ್ಟ. 1948ರಲ್ಲಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಿಂದ ಹೊರಟ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ಮೊದಲ ಸಂಪಾದಕರು ಅವರು. ‘ಓವರ್ ಎ ಕಪ್ ಆಫ್ ಟೀ’ ಎಂಬ ಅವರ ಅಂಕಣ ಒಂದು ಪತ್ರಿಕೆಯಲ್ಲಿ ಹುಟ್ಟಿ ಅಲ್ಲಿಯೇ ಮುಗಿದುದಲ್ಲ. ಒಡೆಯರು ಬದಲಾದರೂ, ಊರು ಬದಲಾದರೂ, ಪಕ್ಷ ಬದಲಾದರೂ ಅವರ ಬೆನ್ನಹಿಂದೆಯೇ ಬಂದುದು. ಕಾಫಿಯ ಸೀಮೆಗೆ ಬಂದು ನೆಲಸಿದ ಮೇಲೆಯೂ ಆ ಹೆಸರಿನಲ್ಲಿ ಚಹವೇ ಉಳಿಯಿತೆಂಬುದು ನಮ್ಮ ನಾಡಿನವರಿಗೆ ಸ್ವಲ್ಪ ನಗೆ ತರಿಸುವ ವಿಷಯ.

ಈ ಪತ್ರಿಕೆ ಹುಟ್ಟಿದ ಸ್ಥಳದ ಸ್ಥಿತಿಯನ್ನು ಮೊದಲು ತಿಳಿಯಬೇಕು. ಬೆಂಗಳೂರು ಬಹುಕಾಲ ಎರಡು ಊರಾಗಿತ್ತು. 1809ರಲ್ಲಿ ಬ್ರಿಟಿಷ್ ಸೈನ್ಯ ಹಲಸೂರಿನ ಸುತ್ತ ಬೀಡುಬಿಟ್ಟಂದಿನಿಂದ ಪೂರ್ವಭಾಗದಲ್ಲಿ ದಂಡು ಬೆಳೆಯಿತು. ಪಶ್ಚಿಮದಲ್ಲಿ ಕೆಂಪೇಗೌಡರ ಕಾಲದ ಪೇಟೆ ಇದ್ದಂತೆಯೇ ಇತ್ತು. 1881ರಲ್ಲಿ ಮೈಸೂರು ರಾಜ್ಯವು ಒಡೆಯರ ವಂಶಕ್ಕೆ ಮರಳಿ ಬಂದಾಗ ದಂಡು ಮರಳಿ ಬರಲಿಲ್ಲ. ‘ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಅದು ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೆ ಒಳಪಟ್ಟಿತು. ಪೇಟೆಯಲ್ಲಿ ದಿವಾನರ ಶಾಸನ, ದಂಡಿನಲ್ಲಿ ರೆಸಿಡೆಂಟರ ಶಾಸನ. ನಡುವೆ ಕಬ್ಬನ್ ಉದ್ಯಾನ.

ಪತ್ರಿಕೆಗಳ ಪಾಲಿಗೆ ಈ ಗಡಿ ಕೇವಲ ನಕ್ಷೆಯ ಗೆರೆಯಾಗಿರಲಿಲ್ಲ. 1908ರಲ್ಲಿ ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ಮೈಸೂರು ಸಂಸ್ಥಾನವು ಪತ್ರಿಕಾ ನಿಬಂಧನೆಯೊಂದನ್ನು ಜಾರಿಗೆ ತಂದಿತು. ಸರ್ಕಾರದ ಅನುಮತಿಯಿಲ್ಲದೆ ಸಂಸ್ಥಾನದಲ್ಲಿ ಪತ್ರಿಕೆ ನಡೆಸುವಂತಿಲ್ಲವೆಂಬುದು ಅದರ ತಿರುಳು. ಎಂ. ವೆಂಕಟಕೃಷ್ಣಯ್ಯನವರಂತಹ ಹಿರಿಯರ ಪತ್ರಿಕೆಗಳು ಅದರ ದೆಸೆಯಿಂದ ನಿಂತುಹೋದುವು. 1913ರಲ್ಲಿ ಡಿ. ವಿ. ಗುಂಡಪ್ಪನವರು ‘ಕರ್ನಾಟಕ’ವೆಂಬ ಇಂಗ್ಲಿಷ್ ಅರ್ಧವಾರಪತ್ರಿಕೆಯನ್ನು ಆರಂಭಿಸಿದ್ದು ಈ ನಿಬಂಧನೆಯ ನೆರಳಿನಲ್ಲಿಯೇ. ದಂಡಿನಲ್ಲಿ ‘ಡೈಲಿ ಪೋಸ್ಟ್’ನಂತಹ ಇಂಗ್ಲಿಷ್ ಪತ್ರಿಕೆಗಳು ಇದ್ದುವು, ಅವು ಸೈನ್ಯಾಧಿಕಾರಿಗಳು, ಆಂಗ್ಲೋ-ಇಂಡಿಯನ್ನರು, ವರ್ತಕರು ಓದುವ ಪತ್ರಿಕೆಗಳು. ಪೇಟೆಯಲ್ಲಿ ‘ತಾಯಿನಾಡು’, ‘ವಿಶ್ವಕರ್ನಾಟಕ’ ಮೊದಲಾದ ಕನ್ನಡ ಪತ್ರಿಕೆಗಳು ರಾಷ್ಟ್ರೀಯ ಚಳವಳಿಗೆ ತಮ್ಮನ್ನು ತೆತ್ತುಕೊಂಡಿದ್ದುವು. ಒಂದು ಊರಿನವರು ಓದುವುದನ್ನು ಮತ್ತೊಂದು ಊರಿನವರು ಓದುತ್ತಿದ್ದುದು ಅಪರೂಪ.

1947ರಲ್ಲಿ ದಂಡುಪ್ರದೇಶ ಮೈಸೂರಿಗೆ ಮರಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನಾಯಕತ್ವದಲ್ಲಿ ಜವಾಬ್ದಾರಿ ಸರ್ಕಾರ ಬಂದಿತು. 1949ರಲ್ಲಿ ಎರಡು ಪುರಸಭೆಗಳು ಕೂಡಿ ಒಂದು ನಗರಸಭೆಯಾದುವು. ಸೌತ್ ಪೆರೇಡ್ ಎಂಬ ಬೀದಿ ಮಹಾತ್ಮ ಗಾಂಧಿ ರಸ್ತೆಯಾದದ್ದು ಈ ಎರಡು ಘಟನೆಗಳ ನಡುವೆ, 1948ರಲ್ಲಿ. ಅಬ್ಕಾರಿ ವ್ಯವಹಾರದಲ್ಲಿ ಹೆಸರಾಗಿದ್ದ ಕೆ. ಎನ್. ಗುರುಸ್ವಾಮಿಯವರು ಆ ಬೀದಿಯಲ್ಲಿ ಫನೆಲ್ಸ್ ಎಂಬ ಹಳೆಯ ಪಾನಗೃಹದ ಕಟ್ಟಡವನ್ನು ಕೊಂಡು, ಅಲ್ಲಿ ಅಚ್ಚುಕೂಟವನ್ನು ಹೂಡಿದರು. ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಪ್ರೋತ್ಸಾಹವೂ ಈ ಉದ್ಯಮದ ಹಿಂದೆ ಇತ್ತೆಂದು ಹೇಳುತ್ತಾರೆ. ಜೂನ್ 17ರಂದು ಇಂಗ್ಲಿಷ್ ಪತ್ರಿಕೆ, ಅಕ್ಟೋಬರಿನಲ್ಲಿ ಕನ್ನಡ ‘ಪ್ರಜಾವಾಣಿ’. ಒಂದೇ ಸೂರಿನ ಕೆಳಗೆ, ಅದೂ ನಿನ್ನೆಯವರೆಗೆ ದಂಡಾಗಿದ್ದ ನೆಲದಲ್ಲಿ, ಪೇಟೆಯ ಭಾಷೆ ಮತ್ತು ದಂಡಿನ ಭಾಷೆ ಎರಡೂ ಅಚ್ಚಾಗತೊಡಗಿದುವು. ನಗರಸಭೆಗಳು ಕೂಡುವುದಕ್ಕೆ ಒಂದು ವರ್ಷ ಮುಂಚೆಯೇ ಎರಡು ಊರುಗಳು ಆ ಅಚ್ಚುಕೂಟದಲ್ಲಿ ಕೂಡಿದುವೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಪತ್ರಿಕಾ ವ್ಯವಹಾರದ ಅನುಭವವಿಲ್ಲದ ಒಡೆಯರಿಗೆ ನುರಿತ ಕೈಯೊಂದು ಬೇಕಾಗಿತ್ತು. ಆಗ ಐವತ್ತಾರು ವಯಸ್ಸಿನ ಪೋತನ್ ಜೋಸೆಫರು ಹೀಗೆ ಬೆಂಗಳೂರಿಗೆ ಬಂದರು.

ಅವರು 1892ರಲ್ಲಿ ತಿರುವಾಂಕೂರಿನ ಚೆಂಗನ್ನೂರಿನಲ್ಲಿ ಸಿರಿಯನ್ ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು. ಅಣ್ಣ ಜಾರ್ಜ್ ಜೋಸೆಫರು ಬ್ಯಾರಿಸ್ಟರಾಗಿದ್ದು, ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂರವರ ‘ಇಂಡಿಪೆಂಡೆಂಟ್’ ಪತ್ರಿಕೆಗೂ, ಆಮೇಲೆ ಗಾಂಧೀಜಿಯವರ ‘ಯಂಗ್ ಇಂಡಿಯ’ಕ್ಕೂ ಸಂಪಾದಕರಾಗಿ ದುಡಿದರು, ವೈಕಂ ಸತ್ಯಾಗ್ರಹದಲ್ಲಿಯೂ ಮುಂದಾಳಾಗಿ ನಿಂತರು. ಅಣ್ಣನಿಗೆ ಪತ್ರಿಕೆ ರಾಜಕೀಯದ ಒಂದು ಮುಖ. ತಮ್ಮನಿಗೆ ಪತ್ರಿಕೆಯೇ ಕಸಬು. ಈ ಭೇದವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದಿನ ಪ್ರಶ್ನೆ ಹುಟ್ಟುವುದು ಇದರಿಂದಲೇ.

ಹೈದರಾಬಾದಿನಲ್ಲಿ ಆರಂಭವಾದ ಪೋತನರ ವೃತ್ತಿ, ಬಿ. ಜಿ. ಹಾರ್ನಿಮನ್ನರ ‘ಬಾಂಬೆ ಕ್ರಾನಿಕಲ್’ನಲ್ಲಿ ಪಳಗಿತು. 1931ರಿಂದ ಕೆಲವು ವರ್ಷ ಅವರು ದೆಹಲಿಯ ‘ಹಿಂದೂಸ್ತಾನ್ ಟೈಮ್ಸ್’ ಸಂಪಾದಕರಾಗಿದ್ದರು. ಶಂಕರರೆಂಬ ತರುಣ ವ್ಯಂಗ್ಯಚಿತ್ರಕಾರರನ್ನು 1932ರಲ್ಲಿ ಪತ್ರಿಕೆಯ ಸಿಬ್ಬಂದಿಗೆ ಸೇರಿಸಿಕೊಂಡವರು ಅವರೇ. ಶಂಕರರು ಮುಂದೆ 1948ರಲ್ಲಿ ‘ಶಂಕರ್ಸ್ ವೀಕ್ಲಿ’ಯನ್ನು ಸ್ಥಾಪಿಸಿ ದೇಶದ ವ್ಯಂಗ್ಯಚಿತ್ರಕಲೆಗೇ ಹಿರಿಯರೆನಿಸಿದರು. ನಂತರ ಮದರಾಸಿನ ‘ಇಂಡಿಯನ್ ಎಕ್ಸ್‌ಪ್ರೆಸ್’, ಕಲ್ಕತ್ತೆಯ ‘ಸ್ಟಾರ್ ಆಫ್ ಇಂಡಿಯ’. 1942ರಲ್ಲಿ ಜಿನ್ನಾರವರ ‘ಡಾನ್’ ದಿನಪತ್ರಿಕೆಯಾದಾಗ ಅದರ ಸಂಪಾದಕರೂ ಪೋತನರೇ. ಮುಸ್ಲಿಂ ಲೀಗಿನ ಮುಖವಾಣಿಗೆ ಕ್ರೈಸ್ತ ಸಂಪಾದಕ; ಹಿಂದೆ ಕಾಂಗ್ರೆಸ್ಸಿನ ಕಡೆಗೆ ಒಲಿದಿದ್ದ ಪತ್ರಿಕೆಯನ್ನು ನಡೆಸಿದವರು. 1944ರಲ್ಲಿ ಲೀಗಿನ ಧೋರಣೆಯೊಡನೆ ಭಿನ್ನಾಭಿಪ್ರಾಯ ಬೆಳೆದು ಅವರು ‘ಡಾನ್’ ಬಿಟ್ಟರು. ಭಾರತ ಸರ್ಕಾರದ ಪ್ರಧಾನ ವಾರ್ತಾಧಿಕಾರಿಯಾದರು. ಅದೂ ಬ್ರಿಟಿಷ್ ಸರ್ಕಾರ, ಅದೂ ಯುದ್ಧಕಾಲ.

ಕಾಂಗ್ರೆಸ್ಸಿನವರು, ಲೀಗಿನವರು, ಸರ್ಕಾರದವರು — ಮೂವರಿಗೂ ಊಳಿಗ ಮಾಡಿದ ಲೇಖನಿ ಯಾರದು? ಈ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ದಿನವೇ ಕೇಳುತ್ತಾರೆ, ಕೇಳಬೇಕಾದದ್ದೇ. ವಕೀಲನು ತನ್ನ ಕಕ್ಷಿಗಾರನ ಪಕ್ಷವನ್ನು ವಾದಿಸುವಂತೆ ಪತ್ರಿಕಾಸಂಪಾದಕನು ತನ್ನ ಪತ್ರಿಕೆಯ ಪಕ್ಷವನ್ನು ವಾದಿಸುತ್ತಾನೆ, ಅದರಲ್ಲಿ ದೋಷವಿಲ್ಲ ಎಂಬುದು ಒಂದು ಸಮಾಧಾನ. ಇದು ಅರ್ಧ ಮಾತ್ರ ಸಮಾಧಾನವೆಂದು ನಮ್ಮ ಅಭಿಪ್ರಾಯ. ನ್ಯಾಯಾಲಯದಲ್ಲಿ ಎದುರು ವಕೀಲನಿರುತ್ತಾನೆ, ತೀರ್ಪು ಕೊಡುವವನು ಬೇರೆ ಇರುತ್ತಾನೆ. ಮುಂಜಾನೆ ಒಂದೇ ಪತ್ರಿಕೆಯನ್ನು ತರಿಸುವ ಮನೆಯವನಿಗೆ ಎದುರು ವಾದ ತಲುಪುವುದೇ ಇಲ್ಲ.

ಪೇಟೆಯ ಕಡೆಯಿಂದ ಇದಕ್ಕೆ ಬಂದ ಉತ್ತರ ಬೇರೆ. ಡಿ. ವಿ. ಜಿ.ಯವರು 1928ರಲ್ಲಿ ಬಾಗಲಕೋಟೆಯ ಪತ್ರಿಕಾಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ‘ವೃತ್ತಪತ್ರಿಕೆ’ ಎಂಬ ಗ್ರಂಥವನ್ನೂ ಬರೆದರು. ಪತ್ರಿಕೆಯನ್ನು ಅವರು ಪ್ರಜಾಶಿಕ್ಷಣದ ಸಾಧನವಾಗಿ ಕಂಡವರು. ಆ ದೃಷ್ಟಿಯಲ್ಲಿ ಸಂಪಾದಕನೂ ಅವನ ಅಭಿಪ್ರಾಯವೂ ಬೇರೆಬೇರೆಯಾಗಲು ಸಾಧ್ಯವಿಲ್ಲ. ಆದರೆ ಅದರ ಬೆಲೆಯನ್ನೂ ನೋಡಬೇಕು. ‘ಕರ್ನಾಟಕ’ ಪತ್ರಿಕೆ ಸುಮಾರು ಎಂಟು ವರ್ಷಗಳಲ್ಲಿ ನಿಂತಿತು. ಒಡೆಯನೂ ಲೇಖಕನೂ ಒಬ್ಬನೇ ಆದಾಗ ಲೇಖಕನ ಸ್ವಾತಂತ್ರ್ಯಕ್ಕೆ ಕುಂದಿಲ್ಲ, ಕುಂದು ಬರುವುದು ಒಡೆಯನ ಕೈಚೀಲಕ್ಕೆ. ಡಿ. ವಿ. ಜಿ.ಯವರು ಬಳಿಕ ತಮ್ಮ ಶಕ್ತಿಯನ್ನು ಹೆಚ್ಚಾಗಿ ಗ್ರಂಥರಚನೆಗೂ, 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೂ ಸಲ್ಲಿಸಿದರು.

ಪೋತನರ ಉತ್ತರ ಸಿದ್ಧಾಂತವಾಗಿ ಬಂದುದಲ್ಲ, ಪುಟದ ವಿನ್ಯಾಸವಾಗಿ ಬಂದುದು. ಅಗ್ರಲೇಖನ ‘ನಾವು’ ಎಂದು ಮಾತನಾಡುತ್ತದೆ. ಆ ‘ನಾವು’ ಪತ್ರಿಕೆಯೆಂಬ ಸಂಸ್ಥೆ. ಅಲ್ಲಿ ಹೆಸರಿಲ್ಲ, ನಗೆಯಿಲ್ಲ, ತಪ್ಪಾಯಿತೆನ್ನುವ ಅಭ್ಯಾಸವೂ ಕಡಿಮೆ. ಅಂಕಣದಲ್ಲಾದರೆ ಕುಳಿತಿರುವವನು ಒಬ್ಬ ಮನುಷ್ಯನೆಂದು ಓದುಗನಿಗೆ ಗೊತ್ತು. ಅವನು ಚಹ ಕುಡಿಯುತ್ತ ಮಾತನಾಡುತ್ತಿದ್ದಾನೆಂದು ಹೆಸರೇ ಹೇಳುತ್ತದೆ. ಮಂತ್ರಿಯ ಭಾಷಣದ ಬಗ್ಗೆ ಆರಂಭಿಸಿ, ಬೈಬಲ್ಲಿನ ಒಂದು ಕಥೆಗೆ ಹೊರಳಿ, ಶಬ್ದಶ್ಲೇಷೆಯೊಂದನ್ನು ಮಾಡಿ, ಮತ್ತೆ ಮಂತ್ರಿಯ ಬಳಿಗೆ ಬರಬಹುದು. ಅಗ್ರಲೇಖನದಲ್ಲಿ ಖಂಡಿಸಲಾಗದುದನ್ನು ಅಂಕಣದಲ್ಲಿ ನಕ್ಕು ಬಿಡಬಹುದು. ಹಾಸ್ಯಕ್ಕೂ ಬೈಬಲ್ಲಿನ ಉಲ್ಲೇಖಗಳಿಗೂ ಅವರ ಬರವಣಿಗೆ ಹೆಸರಾದುದು ಅಲಂಕಾರದ ಆಸೆಯಿಂದ ಮಾತ್ರವಲ್ಲ. ಒಡೆಯರನೇಕರ ಮನೆಗಳಲ್ಲಿ ಬಾಳಿದವನಿಗೆ ಆ ಹಾಸ್ಯವೇ ಬಾಗಿಲಿನ ಅಗುಳಿಯಾಗಿತ್ತೆಂದು ನಾವು ಭಾವಿಸುತ್ತೇವೆ. ವ್ಯಂಗ್ಯಚಿತ್ರವೂ ಮಾಡುವುದು ಇದೇ ಕೆಲಸ. ಶಂಕರರನ್ನು ಕರೆತಂದ ಕಣ್ಣೂ ಅಂಕಣ ಬರೆದ ಕೈಯೂ ಒಬ್ಬನವೇ ಆದುದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಅಂಕಣವು ಒಡೆಯನ ಹಿಡಿತಕ್ಕೆ ಪೂರ್ತಿ ಹೊರಗಾದುದೆಂದು ತಿಳಿಯಬಾರದು. ಜಾಗ ಕೊಟ್ಟವನು ಜಾಗವನ್ನು ಹಿಂದಕ್ಕೆ ಪಡೆಯಬಲ್ಲನು. ಅಂಕಣಕಾರನ ರಕ್ಷಣೆಯೆಲ್ಲ ಓದುಗರ ಅಭ್ಯಾಸದಲ್ಲಿದೆ. ಬೆಳಗ್ಗೆ ಆ ಮೂಲೆಯನ್ನು ಮೊದಲು ಹುಡುಕುವ ಜನ ಸಾಕಷ್ಟಿದ್ದರೆ ಒಡೆಯನು ಕೈಯಿಡುವ ಮುನ್ನ ಯೋಚಿಸುತ್ತಾನೆ.

ಬೆಂಗಳೂರಿನ ಆ ದಶಕದಲ್ಲಿ ರಾಜಕೀಯ ಅಂಕಣಕ್ಕೆ ವಸ್ತುವಿನ ಬರವಿರಲಿಲ್ಲ. 1952ರ ಮೊದಲ ಮಹಾಚುನಾವಣೆ, ಕೆಂಗಲ್ ಹನುಮಂತಯ್ಯನವರ ಮಂತ್ರಿಮಂಡಲ, ವಿಧಾನಸೌಧದ ನಿರ್ಮಾಣ ಮತ್ತು ಅದರ ಖರ್ಚಿನ ಚರ್ಚೆ, ರಾಜ್ಯ ಪುನರ್ವಿಂಗಡಣಾ ಆಯೋಗ, ಹಳೆಯ ಮೈಸೂರಿನವರು ಏಕೀಕರಣವನ್ನು ಒಪ್ಪಬೇಕೆ ಬೇಡವೆ ಎಂಬ ವಾಗ್ವಾದ, ಕೊನೆಗೆ 1956ರ ನವೆಂಬರ್ 1. ಸಂಸ್ಥಾನದ ಪ್ರಜೆಯಾಗಿದ್ದವನು ಹತ್ತು ವರ್ಷಗಳೊಳಗೆ ಮತದಾರನಾದನು, ಆಮೇಲೆ ವಿಶಾಲ ರಾಜ್ಯವೊಂದರ ನಿವಾಸಿಯಾದನು. ಇಂತಹ ಕಾಲದಲ್ಲಿ ಸುದ್ದಿಗಿಂತ ಸುದ್ದಿಯ ಅರ್ಥವನ್ನು ಹೇಳುವವನು ಜನಕ್ಕೆ ಹೆಚ್ಚು ಬೇಕಾಗುತ್ತಾನೆ. ದೆಹಲಿ, ಮುಂಬಯಿ, ಕಲ್ಕತ್ತೆಗಳನ್ನು ಕಂಡುಬಂದವನು ಮೈಸೂರಿನ ಮಂತ್ರಿಗಳ ಜಗಳವನ್ನು ದೇಶದ ಅಳತೆಗೋಲಿನಿಂದ ಅಳೆಯಬಲ್ಲನೆಂಬುದು ‘ಡೆಕ್ಕನ್ ಹೆರಾಲ್ಡ್’ಗೆ ದೊರೆತ ಲಾಭ. ಅವನು ಕನ್ನಡದಲ್ಲಿ ನಡೆಯುತ್ತಿದ್ದ ಮಾತನ್ನು ಹೊರಗಿನಿಂದ ಕೇಳುವವನೆಂಬುದು ಅದರ ಮಿತಿ. ಏಕೀಕರಣದಂತಹ ವಿಷಯದಲ್ಲಿ ಇಂಗ್ಲಿಷ್ ಅಂಕಣವನ್ನೊಂದೇ ಓದಿ ಆ ಕಾಲದ ಲೋಕಾಭಿಪ್ರಾಯವನ್ನು ನಿರ್ಣಯಿಸಹೊರಡುವ ಸಂಶೋಧಕನು ಪೇಟೆಯ ಅರ್ಧವನ್ನು ಕೈಬಿಟ್ಟಂತೆಯೇ.

ಕಾನೂನು ಮತ್ತು ಕಾಗದ ಇವೆರಡೂ ಅಂಕಣದ ರೂಪವನ್ನು ತಿದ್ದಿದುವೆಂಬುದನ್ನು ಸಾಮಾನ್ಯವಾಗಿ ಮರೆಯುತ್ತೇವೆ. 1955ರ ತನಕ ಭಾರತದಲ್ಲಿ ಪತ್ರಿಕಾ ಕಾಗದ ತಯಾರಾಗುತ್ತಿರಲಿಲ್ಲ. ಎಲ್ಲವೂ ಹಡಗಿನಲ್ಲಿ ಬರಬೇಕು. ಮಧ್ಯಪ್ರದೇಶದ ನೇಪಾನಗರದ ಕಾರ್ಖಾನೆ ಆಮೇಲಿನದು. ನಮ್ಮ ಭದ್ರಾವತಿಯಲ್ಲಿ ಪತ್ರಿಕಾ ಕಾಗದ ತಯಾರಾಗತೊಡಗಿದುದಂತೂ 1980ರ ದಶಕದಲ್ಲಿ. ಕಾಗದ ಕಡಿಮೆಯಾದಲ್ಲಿ ಪುಟ ಕಡಿಮೆ, ಪುಟ ಕಡಿಮೆಯಾದಲ್ಲಿ ಮಾತು ಬಿಗಿ. 1956ರ ಬೆಲೆ-ಪುಟ ಶಾಸನವು ಬೆಲೆಗೆ ತಕ್ಕಷ್ಟೇ ಪುಟಗಳನ್ನು ಕೊಡಬೇಕೆಂದು ವಿಧಿಸಹೊರಟಿತು. ಸಕಾಳ್ ಪತ್ರಿಕೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಅಸಿಂಧುವೆಂದು ಸಾರಿತು. ನ್ಯಾಯಮೂರ್ತಿ ರಾಜಾಧ್ಯಕ್ಷರ ನೇತೃತ್ವದ ಮೊದಲ ಪತ್ರಿಕಾ ಆಯೋಗ 1952ರಿಂದ 1954ರವರೆಗೆ ಕೆಲಸ ಮಾಡಿ, ಸಂಪಾದಕನ ಸ್ಥಾನಮಾನ ಇಳಿಯುತ್ತಿದೆ, ಒಡೆಯರ ಕೈ ಮೇಲಾಗುತ್ತಿದೆ ಎಂಬುದನ್ನು ಗುರುತಿಸಿತು. ಅದರ ಫಲವಾಗಿ 1955ರಲ್ಲಿ ಕಾರ್ಯನಿರತ ಪತ್ರಕರ್ತರ ಶಾಸನ ಬಂದಿತು. ಪೋತನರು ಇಂತಹ ಶಾಸನದ ಆಶ್ರಯವಿಲ್ಲದ ಕಾಲದಲ್ಲಿಯೇ ತಮ್ಮ ವೃತ್ತಿಯ ಬಹುಭಾಗವನ್ನು ಕಳೆದವರು. ಅವರು ಅಷ್ಟೊಂದು ಪತ್ರಿಕೆಗಳನ್ನು ಬಿಟ್ಟುಬಂದುದನ್ನು ಚಂಚಲತೆಯೆಂದು ಕರೆಯುವ ಮೊದಲು ಇದನ್ನು ಗಮನಿಸಬೇಕು. ಒಪ್ಪದ ಸಂಪಾದಕನಿಗೆ ಆಗ ಇದ್ದ ಆಯುಧ ಒಂದೇ, ರಾಜೀನಾಮೆ.

ಅದೇ ಕಟ್ಟಡದ ಕನ್ನಡದ ಪಾಲಿನ ಕಥೆಯೂ ಇಲ್ಲಿ ಸೇರಬೇಕು. ‘ಪ್ರಜಾವಾಣಿ’ಯ ಮೊದಲ ಸಂಪಾದಕರು ನಾಟಕಕಾರರೂ ಕಾದಂಬರಿಕಾರರೂ ಆದ ಬಿ. ಪುಟ್ಟಸ್ವಾಮಯ್ಯನವರು. ಮುಂದೆ ಬಹುಕಾಲ ಸಂಪಾದಕರಾಗಿದ್ದ ಟಿ. ಎಸ್. ರಾಮಚಂದ್ರರಾಯರನ್ನು ನಾಡು ಟಿಯೆಸ್ಸಾರ್ ಎಂದೇ ಬಲ್ಲದು. ಅವರ ‘ಛೂಬಾಣ’ ಚಹದ ಬಟ್ಟಲಿನ ಅಂಕಣವಲ್ಲ. ಹೆಸರೇ ಹೇಳುವಂತೆ ಅದು ಬಿಡುವ ಬಾಣ; ಮೊನೆ ಚೂಪು. ಇಂಗ್ಲಿಷ್ ಅಂಕಣದ ವಿರಾಮದ ಹರಟೆಗೂ ಇದಕ್ಕೂ ಇರುವ ಭೇದ ಕೇವಲ ಇಬ್ಬರ ಸ್ವಭಾವದ ಭೇದವಲ್ಲವೆಂದು ನಮಗೆ ತೋರುತ್ತದೆ. ಇಂಗ್ಲಿಷ್ ಅಂಕಣದ ಓದುಗನು ಆರಾಮಕುರ್ಚಿಯಲ್ಲಿ ಒಬ್ಬನೇ ಓದುವವನು. ಕನ್ನಡ ಪತ್ರಿಕೆಯನ್ನಾದರೋ ಹೋಟೆಲಿನ ಮೇಜಿನ ಬಳಿ, ಕ್ಷೌರದ ಅಂಗಡಿಯಲ್ಲಿ, ಹಳ್ಳಿಯ ಜಗಲಿಯಲ್ಲಿ ಒಬ್ಬನು ಓದಿ ಹತ್ತು ಜನ ಕೇಳುತ್ತಿದ್ದರು. ಕಿವಿಯಲ್ಲಿ ನಿಲ್ಲಬೇಕಾದ ಮಾತು ಕಿರಿದಾಗಿರಬೇಕು. ರಾಜ್ಯ ಸರ್ಕಾರವು ಪತ್ರಿಕಾರಂಗದ ಸಾಧನೆಗೆ ಕೊಡುವ ಪ್ರಶಸ್ತಿಯೊಂದಕ್ಕೆ ಟಿಯೆಸ್ಸಾರರ ಹೆಸರನ್ನಿಟ್ಟಿದೆ.

ಪೋತನರು 1950ರ ದಶಕದ ಕೊನೆಯ ಭಾಗದಲ್ಲಿ ‘ಡೆಕ್ಕನ್ ಹೆರಾಲ್ಡ್’ ಬಿಟ್ಟರು, 1972ರಲ್ಲಿ ತೀರಿಕೊಂಡರು. ಅವರ ಚರಿತ್ರೆಯನ್ನು ಗ್ರಂಥವಾಗಿ ಬರೆದವರು ಟಿ. ಜೆ. ಎಸ್. ಜಾರ್ಜರು. ಜಾರ್ಜರ ವೃತ್ತಿಜೀವನವೂ ಈ ಚರ್ಚೆಗೆ ಹೊರತಲ್ಲ. ಪಾಟ್ನಾದ ‘ಸರ್ಚ್‌ಲೈಟ್’ ಪತ್ರಿಕೆಯ ಸಂಪಾದಕರಾಗಿದ್ದಾಗ 1965ರಲ್ಲಿ ಅವರು ಬಂಧನಕ್ಕೊಳಗಾದರು. ರಾಜದ್ರೋಹದ ಆಪಾದನೆಯ ಮೇಲೆ ಸ್ವತಂತ್ರ ಭಾರತದಲ್ಲಿ ಸೆರೆಗೆ ಹೋದ ಮೊದಲ ಸಂಪಾದಕರೆಂದು ಅವರನ್ನು ಹೆಸರಿಸುವುದುಂಟು. ಹಾಂಗ್‌ಕಾಂಗಿನಲ್ಲಿ 1975ರಲ್ಲಿ ‘ಏಷಿಯಾವೀಕ್’ ವಾರಪತ್ರಿಕೆಯ ಸ್ಥಾಪಕರಲ್ಲೊಬ್ಬರಾದರು. ಆಮೇಲೆ ಬೆಂಗಳೂರಿನಲ್ಲಿ ನೆಲಸಿ, ‘ನ್ಯೂ ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಇಪ್ಪತ್ತೈದು ವರ್ಷ ವಾರವಾರವೂ ಅಂಕಣ ಬರೆದು 2022ರಲ್ಲಿ ತಾವೇ ನಿಲ್ಲಿಸಿದರು, 2025ರಲ್ಲಿ ಈ ನಗರದಲ್ಲಿಯೇ ನಿಧನರಾದರು. ಪೋತನರಂತೆ ಅವರೂ ಕೇರಳದಿಂದ ಹೊರಟು, ಅನೇಕ ಊರುಗಳನ್ನು ದಾಟಿ, ಬೆಂಗಳೂರನ್ನು ತಮ್ಮ ಕಡೆಯ ನಿಲ್ದಾಣ ಮಾಡಿಕೊಂಡವರು. ಒಬ್ಬ ಅಂಕಣಕಾರನ ಬಾಳನ್ನು ಮತ್ತೊಬ್ಬ ಅಂಕಣಕಾರನು ಬರೆದಿರುವುದರಿಂದ ನಮಗೆ ಕಸಬಿನ ಒಳಗಿನ ಮಾತು ದೊರೆತಿದೆ. ಗೌರವದ ಕಡೆಗೆ ತಕ್ಕಡಿ ಸ್ವಲ್ಪ ವಾಲಿರುವುದೂ ಸಹಜವೇ.

ಆದ್ದರಿಂದ ವಿದ್ಯಾರ್ಥಿಗಳು ಮೂಲಪತ್ರಿಕೆಗೆ ಹೋಗಬೇಕು, ಬೇಗ ಹೋಗಬೇಕು. ಪತ್ರಿಕಾ ಕಾಗದವನ್ನು ಮರದ ತಿರುಳನ್ನು ಅರೆದು ಮಾಡುವುದರಿಂದ, ಬೆಳಕಿಗೂ ಗಾಳಿಗೂ ಸಿಕ್ಕಿ ಅದು ಹಳದಿಯಾಗಿ, ಆಮ್ಲದ ದೆಸೆಯಿಂದ ಪುಡಿಯಾಗುತ್ತದೆ. ಅಗ್ರಲೇಖನವು ವಿಧಾನಮಂಡಲದ ಚರ್ಚೆಗಳಲ್ಲಿ, ಆಯೋಗಗಳ ವರದಿಗಳಲ್ಲಿ ಉದ್ಧೃತವಾಗಿ ಅಲ್ಲಲ್ಲಿ ಉಳಿಯುತ್ತದೆ. ಅಂಕಣಕ್ಕೆ ಆ ಭಾಗ್ಯವಿಲ್ಲ. ಕಟ್ಟುಹಾಕಿದ ಸಂಪುಟವನ್ನು ತೆರೆದಾಗ ಅಂಕಣವನ್ನು ಮಾತ್ರ ನಕಲು ಮಾಡಿಕೊಂಡು ಬರುವುದು ನಮ್ಮಲ್ಲಿ ರೂಢಿಯಾಗಿದೆ. ಅದು ಸಾಲದು. ಅದೇ ದಿನದ ಅಗ್ರಲೇಖನವನ್ನೂ, ಮೊದಲ ಪುಟದ ಸುದ್ದಿಯ ಶೀರ್ಷಿಕೆಗಳನ್ನೂ, ಅದೇ ದಿನದ ‘ಪ್ರಜಾವಾಣಿ’ಯನ್ನೂ ಪಕ್ಕದಲ್ಲಿಟ್ಟು ಓದಬೇಕು. ಅಗ್ರಲೇಖನವು ಮಂತ್ರಿಯನ್ನು ಹೊಗಳಿದ ದಿನ ಅಂಕಣವು ಬೇರೇನನ್ನೋ ಮಾತನಾಡುತ್ತಿದ್ದರೆ, ಆ ಮೌನವನ್ನೂ ದಿನಾಂಕದೊಡನೆ ಬರೆದಿಟ್ಟುಕೊಳ್ಳಬೇಕು.